ಅಜ್ಜಿ ಹೇಳೋ ‘ಮೂಲದಾಳು’ ಅಂದ್ರೆ ಗುಲಾಮರಾ? 1843ಕ್ಕೆ ಅದು ಮುಗೀತಾ?

ಪ್ರಶ್ನೆ: ಸರ್, ನಮ್ಮೂರು ಬೆಳ್ತಂಗಡಿ ತಾಲೂಕು, ನಾನು ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೀನಿ. ಹೋದ ವರ್ಷ ಊರಿನ ದೊಡ್ಡಮನೆಯವ್ರು ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿ ಹಳೇ ಕಾಗದ ಎಲ್ಲ ಸುಡೋಕೆ ರಾಶಿ ಹಾಕಿದ್ರಂತೆ, ಅಲ್ಲಿ ಕೆಲಸಕ್ಕೆ ಹೋಗಿದ್ದ ನಮ್ಮ ದೊಡ್ಡಪ್ಪ ಅವ್ರನ್ನ ಕೇಳಿ ಒಂದು ಕಟ್ಟು ತಂದಿಟ್ಕೊಂಡ್ರು. ಅದ್ರಲ್ಲಿ ಒಂದು ಗೇಣಿ ಕಾಗದ ಇದೆ, ಶಾಲಿವಾಹನ ಶಕ 1752 ವಿಕೃತಿ ಸಂವತ್ಸರ ಅಂತ ಓದೋಕಾಗುತ್ತೆ. ಗದ್ದೆ, ಬಾವಿ, ತೆಂಗಿನ ಮರ ಎಲ್ಲ ಬರೆದಾದ್ಮೇಲೆ ‘ಎತ್ತು 4, ಎಮ್ಮೆ 2, ಮೂಲದಾಳು ಗಂಡು 2 ಹೆಣ್ಣು 1’ ಅಂತಿದೆ, ಹೆಸರೂ ಇದೆ. ಅದ್ರಲ್ಲಿ ಒಂದು ಹೆಸರು ನಮ್ಮ ಮನೇಲಿ ಇವತ್ತಿಗೂ ಮಕ್ಕಳಿಗೆ ಇಡೋ ಹೆಸರು. ಪಕ್ಕದ ಅಂಚಲ್ಲಿ ಬೇರೆ ಯಾರದೋ ಕೈಬರಹದಲ್ಲಿ ‘ಗಟ್ಟ ಹತ್ತಿದವ ಬರಲಿಲ್ಲ’ ಅಂತ ಸಣ್ಣಕ್ಕೆ ಬರೆದಿದ್ದಾರೆ. 84 ವರ್ಷದ ನಮ್ಮಜ್ಜಿ ‘ನಾವು ಆ ಮನೆಯ ಮೂಲದವ್ರು’ ಅಂತ ಒಂಥರಾ ಅಭಿಮಾನದಿಂದಾನೇ ಹೇಳ್ತಾರೆ. ನೆಟ್‌ನಲ್ಲಿ ನೋಡಿದ್ರೆ 1843ಕ್ಕೆ ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದ್ರು ಅಂತಿದೆ. ಆಫೀಸಲ್ಲಿ ಒಬ್ರು ಇಂಡಿಯಾದಲ್ಲಿ ಗುಲಾಮಗಿರಿ ಇರ್ಲೇ ಇಲ್ಲ, ಅದು ಅಮೇರಿಕದ ಕಥೆ ಅಂದ್ರು. ಅಪ್ಪ ಮಾತ್ರ ‘ಕೆದಕಬೇಡ, ತಂಗಿ ಮದುವೆ ಮಾತುಕತೆ ನಡೀತಿದೆ’ ಅಂತಾರೆ. ದೊಡ್ಡಪ್ಪ ಈಗಲೂ ಆ ಮನೆಯ ಕೋಲಕ್ಕೆ ಮೂರು ದಿನ ಬಿಟ್ಟಿ ಕೆಲಸಕ್ಕೆ ಹೋಗ್ತಾರೆ, ಕೇಳಿದ್ರೆ ‘ಕಟ್ಟುಕಟ್ಟಳೆ’ ಅಂತಾರೆ. ನಾವು ನಿಜವಾಗ್ಲೂ ಗುಲಾಮರಾಗಿದ್ವಾ? ಆಗಿದ್ರೆ ಯಾರೂ ಯಾಕೆ ತಿರುಗಿ ಬೀಳಲಿಲ್ಲ? ಈ ಕಾಗದ ಇಟ್ಕೊಂಡು ನಾನೇನು ಮಾಡ್ಲಿ?

ಉತ್ತರ: ಮೊದಲು ಒಂದು ಮಾತು. ಹಳೇ ಕಂದಾಯದ ಕಾಗದ ಓದೋದೇ ನನ್ನ ಕೆಲಸ, ಇಪ್ಪತ್ತೈದು ವರ್ಷ ಆಯ್ತು. ಇಂಥ ಕಾಗದ ಸಾಮಾನ್ಯವಾಗಿ ದೊಡ್ಡಮನೆಯವ್ರ ಮೊಮ್ಮಕ್ಕಳು ತಂದು ತೋರಿಸ್ತಾರೆ, ಆಳುಗಳ ಸಾಲಲ್ಲಿ ಹೆಸರಿರೋರ ಮೊಮ್ಮಕ್ಕಳು ತಂದಿದ್ದು ನಾನು ಕೈಬೆರಳಲ್ಲಿ ಎಣಿಸೋಷ್ಟು ಸಲ ನೋಡಿದ್ದೀನಿ. ಹಾಗಾಗಿ ನಿಮ್ಮ ದೊಡ್ಡಪ್ಪ ಆ ರಾಶಿಯಿಂದ ಆ ಕಟ್ಟು ಎತ್ಕೊಂಡಿದ್ದು ಎಷ್ಟು ದೊಡ್ಡ ಕೆಲಸ ಅಂತ ಅವ್ರಿಗೆ ನನ್ನ ಪರವಾಗಿ ಹೇಳಿ.

ನಿಮ್ಮ ಪತ್ರ ಮೂರ್ನಾಲ್ಕು ಸಲ ಓದಿದೆ. ಬ್ರಿಟಿಷರು ಬಿಡಿಸಿದ್ರಾ ಇಲ್ವಾ ಅನ್ನೋದಕ್ಕಿಂತ ನಿಮ್ಮನ್ನ ಚುಚ್ಚುತ್ತಿರೋದು ಬೇರೆ ಇದೆ ಅನ್ಸುತ್ತೆ, ನಮ್ಮ ಹಿರಿಯರು ಎತ್ತು ಎಮ್ಮೆ ಪಕ್ಕ ಲೆಕ್ಕಕ್ಕೆ ಬಿದ್ದಿದ್ರು, ಬಿದ್ದವ್ರು ಬಾಯಿ ಮುಚ್ಕೊಂಡು ಇದ್ರಾ ಅನ್ನೋದು. ಅದಕ್ಕೆ ಬರ್ತೀನಿ, ಆದ್ರೆ ಮೊದಲು ಕಾಗದದ ವಿಷಯ ನೋಡಿಬಿಡೋಣ. ಶಕಕ್ಕೆ 78 ಸೇರಿಸಿದ್ರೆ ಇಸವಿ ಬರುತ್ತೆ, 1752ಕ್ಕೆ 78 ಅಂದ್ರೆ 1830. ಆ ವರ್ಷದ ಯುಗಾದಿಯಿಂದ ಮುಂದಿನ ಯುಗಾದಿವರೆಗೆ ವಿಕೃತಿ ಸಂವತ್ಸರಾನೇ. ಎರಡೂ ಹೊಂದುತ್ತೆ. ಆಮೇಲೆ ಯಾರೋ ಹುಟ್ಟಿಸಿ ಬರೆದ ಕಾಗದದಲ್ಲಿ ಎಷ್ಟೋ ಸಲ ಶಕ ಒಂದು ಸಂವತ್ಸರ ಇನ್ನೊಂದು ಆಗಿರುತ್ತೆ, ನಿಮ್ಮದ್ರಲ್ಲಿ ಆ ತಪ್ಪಿಲ್ಲ. ಅಂದ್ರೆ ಕನರಾ ಜಿಲ್ಲೆ, ಅಂದ್ರೆ ಇವತ್ತಿನ ಕರಾವಳಿ ಕರ್ನಾಟಕ, ಈಸ್ಟ್ ಇಂಡಿಯಾ ಕಂಪನಿ ಕೈಗೆ ಬಂದು, ಅಂದ್ರೆ 1799ರಲ್ಲಿ ಟಿಪ್ಪು ಸತ್ತ ಮೇಲೆ, ಮೂವತ್ತೊಂದು ವರ್ಷ ಆದ್ಮೇಲೆ ಬರೆದಿದ್ದು. ಇದು ರಾಜರ ಕಾಲದ ಕಾಗದ ಅಲ್ಲ, ಕಂಪನಿ ಸರ್ಕಾರದ ಕಾಲದ್ದು, ಇದನ್ನ ನೆನಪಿಟ್ಕೊಳ್ಳಿ.

ಈಗ ಆ ಪದ. ಮೂಲದಾಳು ಅಂದ್ರೆ ಒಂದು ಮನೆಗೋ ಆ ಮನೆಯ ಜಮೀನಿಗೋ ತಲೆತಲಾಂತರಕ್ಕೆ ಕಟ್ಟುಬಿದ್ದ ಆಳು. ಹುಟ್ಟಿದ ಮಗೂನೂ ಆಳೇ. ಇದ್ರ ಪಕ್ಕ ಇನ್ನೊಂದು ಬಗೆ ಇತ್ತು, ಸಾಲದ ಆಳು, ಸಾಮಾನ್ಯವಾಗಿ ಮದುವೆ ಖರ್ಚಿಗೆ ಅಂತ ಧಣಿ ಹತ್ರ ದುಡ್ಡು ತಗೊಂಡು ಅದು ತೀರೋವರೆಗೆ ದುಡಿಯೋದು, ತೀರ್ತಾ ಇದ್ದಿದ್ದು ಕಮ್ಮಿ. ಕೊಡಗಲ್ಲಿ ಇದನ್ನೇ ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಅಂತ ಎರಡಾಗಿ ಹೇಳ್ತಿದ್ರು, ಮೊದಲನೆಯವರು ಭೂಮಿ ಜೊತೆಗೆ ಕೈ ಬದಲಾಯಿಸೋರು, ಎರಡನೆಯವರು ಮನೆಗೆ ಸೇರಿದವರು. ಸರ್ಕಾರಿ ಕಾಗದಗಳಲ್ಲಿ ಇವ್ರನ್ನೆಲ್ಲ ಜಾತಿ ಹೆಸರು ಹಿಡಿದೇ ಬರೆದಿದ್ದಾರೆ, ನಾನು ಆ ಪದಗಳನ್ನ ಇಲ್ಲಿ ಬರೆಯಲ್ಲ, ನೀವು ದಾಖಲೆ ಓದೋಕೆ ಹೋದಾಗ ಎದುರಾಗುತ್ತೆ, ಆಗ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಇದನ್ನ ಗುಲಾಮಗಿರಿ ಅನ್ಬಹುದಾ? ಅನ್ಲೇಬೇಕು. ಮಾರೋಕೆ, ಅಡವಿಡೋಕೆ, ಬಾಡಿಗೆಗೆ ಕೊಡೋಕೆ ಬರ್ತಿತ್ತು, ಬಿಟ್ಟು ಹೋದ್ರೆ ಹಿಡ್ಕೊಂಡು ಬರೋ ಹಕ್ಕು ಧಣಿಗಿತ್ತು, ದುಡಿದವನಿಗೆ ಕೂಲಿ ಅಂತ ಸಿಗ್ತಿದ್ದಿದ್ದು ದಿನದ ಅಕ್ಕಿ, ವರ್ಷಕ್ಕೊಂದು ಬಟ್ಟೆ. ಗುಲಾಮಗಿರಿ ಅಂದ್ರೆ ಇನ್ನೇನು ಬೇಕು? ‘ಅವ್ರು ಮನೆಯವ್ರ ಥರಾನೇ ಇದ್ರು’ ಅನ್ನೋ ಮಾತು ನಾನು ನೂರು ಸಲ ಕೇಳಿದ್ದೀನಿ, ಹೇಳೋರು ಸುಳ್ಳು ಹೇಳ್ತಿದ್ದಾರೆ ಅಂತಾನೂ ಅಲ್ಲ, ಅವ್ರಿಗೆ ಹಾಗೇ ಕಂಡಿರ್ಬಹುದು. ಆದ್ರೆ ಮನೆಯವ್ರ ಹೆಸರನ್ನ ಎಮ್ಮೆ ಲೆಕ್ಕದ ಮುಂದಿನ ಸಾಲಲ್ಲಿ ಬರೆಯಲ್ಲ ಅಲ್ವಾ.

ನಿಮ್ಮ ಆಫೀಸಿನವ್ರಿಗೆ ಹೇಳೋಕೆ ಒಂದು ಸಾಕ್ಷಿ ಕೊಡ್ತೀನಿ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಡಾಕ್ಟರ್ ಮೈಸೂರು, ಕನರಾ, ಮಲಬಾರ್ (ಇವತ್ತಿನ ಉತ್ತರ ಕೇರಳ) ಎಲ್ಲ ಸುತ್ತಿ ಬೆಳೆ, ಮಣ್ಣು, ಜನ ಎಲ್ಲದರ ವಿವರ ಬರ್ಕೊಂಡ. ಮಲಬಾರಿನಲ್ಲಿ ಆಳುಗಳನ್ನ ಮೂರು ರೀತಿಲಿ ಕೈ ಬದಲಾಯಿಸ್ತಾರೆ ಅಂತಾನೆ, ಜನ್ಮ ಅಂದ್ರೆ ಪೂರ್ತಿ ಮಾರಾಟ, ಕಾಣ ಅಂದ್ರೆ ಅಡಮಾನ, ಪಾಟ್ಟ ಅಂದ್ರೆ ವರ್ಷಗುತ್ತಿಗೆ. ಜಮೀನಿಗೆ ಬಳಸೋ ಅವೇ ಪದಗಳು ಮನುಷ್ಯರಿಗೂ! ಗುತ್ತಿಗೆ ದರ ಗಂಡಸಿಗೆ ವರ್ಷಕ್ಕೆ 8 ಪಣ (ಆಗಿನ ಸಣ್ಣ ನಾಣ್ಯ), ಹೆಂಗಸಿಗೆ ಅದರರ್ಧ. ಆಮೇಲೆ ಅವನು ಒಂದು ಮಾತು ಹೇಳ್ತಾನೆ, ಅದು ನನ್ನ ತಲೇಲಿ ಕೂತುಬಿಟ್ಟಿದೆ: ಅಡಮಾನ ಮತ್ತು ಗುತ್ತಿಗೆ ಇವೆರಡೂ ತೀರಾ ಅಸಹ್ಯ, ಯಾಕಂದ್ರೆ ಆಳನ್ನ ದುಡಿಸೋನೂ ಊಟ ಹಾಕೋನೂ ಒಬ್ಬನೇ, ಆದ್ರೆ ಆಳು ಅವನ ಸ್ವಂತದ್ದಲ್ಲ, ಹಾಗಾಗಿ ದುಡಿಮೆ ಜಾಸ್ತಿ ಮಾಡಿ ಊಟ ಕಮ್ಮಿ ಮಾಡಿದಷ್ಟೂ ಅವನಿಗೆ ಲಾಭ ಅಂತ. ನಿಮ್ಮ ಕಾಗದ ಇದೆಯಲ್ಲ ಅದೂ ಗೇಣಿ ಕಾಗದ. ಗದ್ದೆ ಗೇಣಿಗೆ ತಗೊಂಡವನ ಕೈಗೆ ಆ ಮೂರು ಜನಾನೂ ಹೋಗಿದ್ದಾರೆ. ಅವ್ರ ಹೊಟ್ಟೆಪಾಡು ಬಾಡಿಗೆಗೆ ತಗೊಂಡವನ ಕೈಲಿತ್ತು ಅನ್ನೋದನ್ನ ಇದ್ರಿಂದ ತಿಳ್ಕೋಬೇಕು.

ಸಂಖ್ಯೆ ಕೇಳ್ತೀರಾದ್ರೆ, 1819ರಲ್ಲಿ ಮದ್ರಾಸಿನ ರೆವೆನ್ಯೂ ಬೋರ್ಡ್ ಇಂಥ ಆಳುಗಳ ಬಗ್ಗೆ ಕಲೆಕ್ಟರ್‌ಗಳ ಹತ್ರ ವರದಿ ತರಿಸಿಕೊಳ್ತು, ಆಗ ಕನರಾದ ಅಂದಾಜು 80,000ಕ್ಕೂ ಮೇಲೆ. ಮಲಬಾರಿಂದು ಹತ್ತಿರ ಹತ್ತಿರ ಲಕ್ಷ. ಯಾವುದೋ ನಾಲ್ಕು ಮನೆಯ ವಿಷಯ ಆಗಿರ್ಲಿಲ್ಲ ಇದು, ಕರಾವಳಿಯ ಭತ್ತ ನಿಂತಿದ್ದೇ ಇದ್ರ ಮೇಲೆ.

ಇಲ್ಲಿ ಬ್ರಿಟಿಷರ ಪಾತ್ರ ಏನು ಅನ್ನೋದು ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಇದ್ರಲ್ಲಿ ಎರಡು ಕಡೆಯಿಂದಲೂ ಸುಳ್ಳು ಓಡಾಡುತ್ತೆ. ಗುಲಾಮಗಿರಿ ಅವ್ರು ತಂದಿದ್ದು ಅನ್ನೋದು ಸುಳ್ಳು, ಮೊದಲೇ ಇತ್ತು, ಜಾತಿ ಜೊತೆ ಬೆಸ್ಕೊಂಡಿತ್ತು. ಅವ್ರು ಬಿಡಿಸಿದ್ರು ಅನ್ನೋದೂ ಮುಕ್ಕಾಲುಪಾಲು ಸುಳ್ಳು. ಕಂಪನಿಗೆ ಬೇಕಾಗಿದ್ದಿದ್ದು ಭೂಕಂದಾಯ. ಗದ್ದೆಗೆ ಇಳಿಯೋ ಜನ ಬಿಟ್ಟು ಹೋದ್ರೆ ಗದ್ದೆ ಪಾಳು, ಗದ್ದೆ ಪಾಳಾದ್ರೆ ಕಂದಾಯ ಇಲ್ಲ. ಹಾಗಾಗಿ ಧಣಿ ಕಂದಾಯ ಬಾಕಿ ಇಟ್ರೆ ಅವನ ಆಳುಗಳನ್ನ ಹರಾಜು ಹಾಕೋದೂ ನಡೀತಿತ್ತು, ಮಲಬಾರಲ್ಲಿ ಇದನ್ನ ನಿಲ್ಲಿಸಿ ಅಂತ ಆರ್ಡರ್ ಬಂದಿದ್ದು 1819ಕ್ಕೆ. ಅಷ್ಟೇ ಅಲ್ಲ, ಸರ್ಕಾರದ ಜಮೀನಿನ ಮೇಲೆ ಸರ್ಕಾರದ್ದೇ ಆಳುಗಳಿದ್ರು, ಅವ್ರನ್ನ ಗುತ್ತಿಗೆಗೆ ಕೊಟ್ಟು ಬಂದ ದುಡ್ಡು ಕಲೆಕ್ಟರ್ ಲೆಕ್ಕಕ್ಕೆ ಜಮಾ ಆಗ್ತಿತ್ತು. 1836ರಲ್ಲಿ ಈ ಆದಾಯ ಬಿಟ್ಟುಬಿಡಿ ಅಂತ ತೀರ್ಮಾನ ಆದಾಗ ಮಲಬಾರಿನ ಲೆಕ್ಕದಿಂದ ಕಳೆದ ಮೊತ್ತ ವರ್ಷಕ್ಕೆ 927 ರೂಪಾಯಿ 13 ಆಣೆ. ನೀವು ಅಕೌಂಟ್ಸ್‌ನವ್ರು, ಆ 13 ಆಣೆ ಅಲ್ಲಿವರೆಗೆ ವರ್ಷಾ ವರ್ಷ ಯಾರೋ ಒಬ್ಬ ಗುಮಾಸ್ತ ಕೂಡಿಸಿ ಟ್ಯಾಲಿ ಮಾಡಿದ್ದು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ಇನ್ನೊಂದು ಅಂಜರಕಂಡಿ ಕಥೆ. ಉತ್ತರ ಮಲಬಾರಿನ ಅಂಜರಕಂಡಿಲಿ ಕಂಪನಿ ಶುರು ಮಾಡಿದ ಸಾಂಬಾರ ತೋಟ ಇತ್ತು, ಅದನ್ನ ನೋಡ್ಕೊಳ್ತಿದ್ದವನು ಮರ್ಡಾಕ್ ಬ್ರೌನ್. ಆ ತೋಟದಲ್ಲಿ ತಿರುವಾಂಕೂರಿಂದ ಕದ್ದು ತಂದ ಮಕ್ಕಳಿದ್ದಾರೆ ಅಂತ ಥಾಮಸ್ ಬೇಬರ್ ಅನ್ನೋ ಮ್ಯಾಜಿಸ್ಟ್ರೇಟ್ 1811ರ ಹೊತ್ತಿಗೆ ಪತ್ತೆ ಹಚ್ಚಿ ಬಿಡಿಸಿದ. ಕದ್ದು ಮಾರೋದ್ರ ವಿರುದ್ಧ 1792ರಲ್ಲೇ ಘೋಷಣೆ ಹೊರಡಿಸಿದ ಸರ್ಕಾರ ಶುರು ಮಾಡಿದ ತೋಟದಲ್ಲೇ ಇದು. ಬೇಬರ್‌ಗೆ ಮೆಚ್ಚುಗೆಗಿಂತ ವಿರೋಧಾನೇ ಜಾಸ್ತಿ ಬಂತು. ಒಳ್ಳೆ ಅಧಿಕಾರಿಗಳೇ ಇರ್ಲಿಲ್ಲ ಅಂತ ನಾನು ಹೇಳಲ್ಲ, ಇದ್ರು, ಒಂಟಿಯಾಗಿದ್ರು.

ಇನ್ನು 1843. ಅದಕ್ಕೆ ಮುಂಚೆ 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡ್ತು, ಶಾಲೆಲಿ ಇದನ್ನ ಓದಿರ್ತೀರಿ. ಆದ್ರೆ ಅದೇ ಕಾಯ್ದೆಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶ, ಸಿಲೋನ್, ಸೇಂಟ್ ಹೆಲೆನಾ ಇವಕ್ಕೆ ಇದು ಅನ್ವಯ ಆಗಲ್ಲ ಅಂತ ಬರೆದ್ರು. ಬೇರೆ ಕಡೆ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ರು, ದುಡಿದವ್ರಿಗೆ ಒಂದು ಪೆನ್ನಿ ಇಲ್ಲ. ನಮ್ಮ ಕಡೆಗೆ ಅದೂ ಬರ್ಲಿಲ್ಲ. ಆಮೇಲೆ ಲಾ ಕಮಿಷನ್ ಕೂತು 1841ರಲ್ಲಿ ದೊಡ್ಡ ವರದಿ ಕೊಟ್ಟು, ಕೊನೆಗೆ 1843ರ 5ನೇ ಆಕ್ಟ್ ಬಂತು. ಇದು ಬರೀ ನಾಲ್ಕು ಕಲಂ ಇರೋ ಕಾಯ್ದೆ. ಕಂದಾಯಕ್ಕೋ ಕೋರ್ಟ್ ಡಿಕ್ರಿಗೋ ಅಂತ ಸರ್ಕಾರಿ ಅಧಿಕಾರಿ ಮನುಷ್ಯರನ್ನ ಮಾರೋ ಹಾಗಿಲ್ಲ, ಇವನು ನನ್ನ ಗುಲಾಮ ಅನ್ನೋ ಹಕ್ಕನ್ನ ಕೋರ್ಟು ಎತ್ತಿ ಹಿಡಿಯೋ ಹಾಗಿಲ್ಲ, ದುಡಿದು ಸಂಪಾದಿಸಿದ ಆಸ್ತಿನ ಗುಲಾಮ ಅನ್ನೋ ಕಾರಣಕ್ಕೆ ಕಿತ್ಕೊಳ್ಳೋ ಹಾಗಿಲ್ಲ, ಬೇರೆಯವ್ರಿಗೆ ಮಾಡಿದ್ರೆ ಅಪರಾಧ ಆಗೋದು ಇವ್ರಿಗೆ ಮಾಡಿದ್ರೂ ಅಪರಾಧವೇ. ಇಷ್ಟೇ. ಗುಲಾಮರನ್ನ ಇಟ್ಕೊಳ್ಳೋದು ಅಪರಾಧ ಅಂತ ಎಲ್ಲೂ ಇಲ್ಲ, ಇವತ್ತಿಂದ ನೀವು ಸ್ವತಂತ್ರರು ಅಂತ ಅವ್ರಿಗೆ ಹೋಗಿ ಹೇಳ್ಬೇಕು ಅಂತಾನೂ ಇಲ್ಲ. ಕೊಳ್ಳೋದು ಮಾರೋದು ಶಿಕ್ಷೆ ಆಗೋ ಅಪರಾಧ ಅಂತ ಆಗಿದ್ದು ಇಂಡಿಯನ್ ಪೀನಲ್ ಕೋಡ್ ಜಾರಿಗೆ ಬಂದ 1862ರ ಮೇಲೆ.

ನಿಮ್ಮ ಕಾಗದದ ಆ ಹೆಣ್ಣುಮಗಳನ್ನೇ ತಗೊಳ್ಳಿ, 1843ರಲ್ಲಿ ಬದುಕಿದ್ರೆ ಅವಳಿಗೆ ಏನು ಗೊತ್ತಾಗಿರುತ್ತೆ? ಓದೋಕೆ ಬರಲ್ಲ, ಊರ ಪಟೇಲ ಧಣಿಗಳ ಕಡೆಯವನೇ, ಕೋರ್ಟು ಇರೋದು ಮಂಗಳೂರಲ್ಲಿ, ಗುಡಿಸಲು ಇರೋದು ಧಣಿ ಜಾಗದಲ್ಲಿ, ಮಗನ ಮದುವೆಗೆ ದುಡ್ಡು ಕೊಡೋನೂ ಅವನೇ. ಕಾನೂನು ಕೋರ್ಟಿನ ಬಾಗಿಲು ಧಣಿಗೆ ಮುಚ್ಚಿತು ನಿಜ, ಆದ್ರೆ ಇವಳಿಗೆ ಗೇಣು ಜಾಗ ಕೊಡ್ಲಿಲ್ಲ. ಹಾಗಾಗಿ ಮೂಲದ ಆಳು ಅನ್ನೋದು ಮೆಲ್ಲಗೆ ಸಾಲದ ಆಳು ಆಯ್ತು, ಮಾರಾಟದ ಚೀಟಿ ಇದ್ದ ಜಾಗಕ್ಕೆ ಮುಂಗಡದ ಲೆಕ್ಕ ಬಂತು. ಇದ್ರ ಮೇಲೆ 1859ರಲ್ಲಿ ಇನ್ನೊಂದು ಕಾಯ್ದೆ ತಂದ್ರು, ಮುಂಗಡ ತಗೊಂಡು ಕೆಲಸ ಬಿಟ್ಟು ಹೋದವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು, ದುಡ್ಡು ಕೊಡು ಇಲ್ಲ ಕೆಲಸ ಮಾಡು ಅಂತ ಆರ್ಡರ್ ಮಾಡ್ಬಹುದು, ಕೇಳದಿದ್ರೆ ಜೈಲು. ಕೊಡಗು, ಚಿಕ್ಕಮಗಳೂರು, ವಯನಾಡಿನ ಕಾಫಿ ತೋಟದವ್ರಿಗೆ ಇದು ತುಂಬಾ ಉಪಯೋಗಕ್ಕೆ ಬಂತು. ಈ ಕಾಯ್ದೆ ತೆಗೆದುಹಾಕಿದ್ದು 1920ರ ದಶಕದಲ್ಲಿ. ಅಂದ್ರೆ ನಿಮ್ಮಜ್ಜಿಯ ಅಪ್ಪ ಅಮ್ಮನ ಕಾಲಕ್ಕೂ ಕೆಲಸ ಬಿಟ್ಟು ಹೋಗೋದು ಜೈಲಿಗೆ ಹೋಗೋ ವಿಷಯ ಆಗಿತ್ತು. ವಯನಾಡಿನ ವಳ್ಳಿಯೂರುಕಾವು ಜಾತ್ರೆಲಿ ಪಣಿಯ ಬುಡಕಟ್ಟಿನವ್ರನ್ನ ಒಂದು ವರ್ಷದ ದುಡಿಮೆಗೆ ಮುಂಗಡ ಕೊಟ್ಟು ಹಿಡಿಯೋ ಪದ್ಧತಿಯಂತೂ ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳವರೆಗೆ ನಡೀತು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರ್ತೀನಿ, ಯಾರೂ ಯಾಕೆ ತಿರುಗಿ ಬೀಳಲಿಲ್ಲ ಅನ್ನೋದು. ನಾನೂ ಈ ಕೆಲಸಕ್ಕೆ ಬಂದ ಹೊಸದ್ರಲ್ಲಿ ದಂಗೆ ಹುಡುಕ್ತಿದ್ದೆ, ಕತ್ತಿ ಕೋವಿ ಹುಡುಕ್ತಿದ್ದೆ. 1837ರ ಅಮರ ಸುಳ್ಯದ ದಂಗೆ ಥರ, ಮಂಗಳೂರನ್ನೇ ಹಿಡಿದ್ರಲ್ಲ ಅಂಥದ್ದು. ಆಳುಗಳ ದಂಗೆ ಅಂತ ಫೈಲ್ ಸಿಗ್ಲಿಲ್ಲ. ಆಮೇಲೆ ಒಂದು ದಿನ ಗೊತ್ತಾಯ್ತು ನಾನು ತಪ್ಪು ಪದ ಹುಡುಕ್ತಿದ್ದೀನಿ ಅಂತ. ಕಾಗದ ಬರೆದವನು ಧಣಿ ಅಥವಾ ಅಧಿಕಾರಿ. ಅವ್ರು ಪ್ರತಿರೋಧ ಅಂತ ಯಾಕೆ ಬರೀತಾರೆ? ಓಡಿಹೋದ, ಕಳ್ಳಬಿದ್ದ, ಸೋಮಾರಿ, ಮಾತು ಕೇಳಲ್ಲ, ಕೆಲಸಕ್ಕೆ ಬರ್ಲಿಲ್ಲ, ಭತ್ತ ಕದ್ದ ಅಂತ ಬರೀತಾರೆ. ಈ ಪದಗಳನ್ನ ಆಳಿನ ಕಡೆಯಿಂದ ಓದಿ ನೋಡಿ. ಹೊಟ್ಟೆ ತುಂಬ ಕೊಡದ ಧಣಿಯ ಕಣಜದಿಂದ ನಾಲ್ಕು ಸೇರು ಭತ್ತ ತೆಗೆದವನು, ನೇಜಿ (ಭತ್ತದ ಸಸಿ) ನೆಡೋ ಹೊತ್ತಲ್ಲೇ, ಅಂದ್ರೆ ಧಣಿಗೆ ಕೈ ಬೇಕೇ ಬೇಕು ಅನ್ನೋ ಹೊತ್ತಲ್ಲೇ ಮಾಯ ಆದವನು, ಇನ್ನೊಂದು ಧಣಿಯ ಹತ್ರ ಹೋಗಿ ಸೇರ್ಕೊಂಡವನು, ಇವ್ರು ಯಾರೂ ಸುಮ್ನೆ ಇದ್ದವ್ರಲ್ಲ. ಎದುರಿಗೆ ನಿಂತ್ರೆ ಸಾಯ್ತಿದ್ರು, ಅದಕ್ಕೆ ಬದುಕೋ ದಾರಿ ಹುಡುಕಿದ್ರು.

ಓಡೋದು ಸಣ್ಣ ವಿಷಯ ಅಂತ ತಿಳ್ಕೋಬೇಡಿ. ಉತ್ತರ ಕನ್ನಡದ ಸಿದ್ದಿ ಜನಾಂಗ ಹುಟ್ಟಿದ್ದೇ ಬಹುಮಟ್ಟಿಗೆ ಹಾಗೆ. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ಎಷ್ಟೋ ಜನ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದ್ರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ನೆಲೆ ನಿಂತ್ರು, ಹಿಂದೂ ಮುಸ್ಲಿಂ ಕ್ರಿಶ್ಚಿಯನ್ ಮೂರೂ ಆದ್ರು, ಕೊಂಕಣಿ ಕನ್ನಡ ಆಡ್ತಾರೆ, ದಮ್ಮಾಮಿ ಅನ್ನೋ ಡೋಲು ಬಾರಿಸ್ತಾರೆ. 2003ರಲ್ಲಿ ಉತ್ತರ ಕನ್ನಡದಲ್ಲಿ ಅವ್ರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ತು. ಪೋರ್ಚುಗೀಸರ ರಾಜ್ಯದಲ್ಲಿ ಗುಲಾಮಗಿರಿ ರದ್ದು ಅಂತ ಆಗಿದ್ದು 1869ರಲ್ಲಿ, ಆದ್ರೆ ಇವ್ರಲ್ಲಿ ಎಷ್ಟೋ ಜನ ಅದಕ್ಕೆ ಎಷ್ಟೋ ಮೊದಲೇ ತಮ್ಮ ಬಿಡುಗಡೆನ ತಾವೇ ಮಾಡ್ಕೊಂಡಿದ್ರು. ನಿಮ್ಮ ಆಫೀಸಿನವ್ರು ಗುಲಾಮಗಿರಿ ಅಂದ್ರೆ ಅಮೇರಿಕ ಅಂದ್ರಲ್ಲ, ಬೆಂಗಳೂರಿಂದ ಒಂದು ರಾತ್ರಿ ಬಸ್ಸಿನ ದೂರದಲ್ಲಿದೆ ಅದು.

ಬಹಿರಂಗವಾಗಿ ನಿಂತ ಕಥೆಗಳೂ ಇವೆ, ಸ್ವಲ್ಪ ಆಮೇಲಿನವು. ತಿರುವಾಂಕೂರಲ್ಲಿ 1855ರಲ್ಲಿ ಗುಲಾಮಗಿರಿ ರದ್ದಾಯ್ತು, ಆದ್ರೂ ಪುಲಯರು ಅನ್ನೋ ದಲಿತ ಜಾತಿಯವ್ರು ಎಲ್ಲರ ದಾರೀಲಿ ನಡೆಯೋ ಹಾಗಿರ್ಲಿಲ್ಲ. ಅದೇ ಜಾತಿಯ ಅಯ್ಯಂಕಾಳಿ 1893ರಲ್ಲಿ ಎತ್ತಿನ ಬಂಡಿ ಕಟ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಆ ದಾರೀಲೇ ಹೊರಟ. ಆಮೇಲೆ ನಮ್ಮ ಮಕ್ಕಳಿಗೆ ಶಾಲೆ ಬಾಗಿಲು ತೆಗೆಯೋವರೆಗೆ ನಿಮ್ಮ ಗದ್ದೆಗೆ ಇಳಿಯಲ್ಲ ಅಂತ ಕೂಲಿಗಳ ಮುಷ್ಕರ ಮಾಡಿಸಿದ, ಗದ್ದೆಗಳು ಹಾಗೇ ಬಿದ್ದವು. 1915ರಲ್ಲಿ ಪೆರಿನಾಡ್ ಕಡೆ ಹೆಂಗಸರು ತಮ್ಮ ಜಾತಿಯ ಗುರುತು ಅಂತ ಕಡ್ಡಾಯ ಮಾಡಿದ್ದ ಕಲ್ಲಿನ ಸರಗಳನ್ನ ಸಭೆಲೇ ಕಿತ್ತು ಹಾಕಿದ್ರು. ನಮ್ಮ ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಮಕ್ಕಳಿಗೆ ಶಾಲೆ, ವಸತಿ ಅಂತ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದ್ರು. ಅವ್ರ ಹೆಸರು ಊರಿಗೆಲ್ಲ ಗೊತ್ತು, ಆದ್ರೆ ಧಣಿಯ ಕಣ್ಣೆದುರೇ ಆ ಶಾಲೆಗೆ ಮಗನನ್ನ ಕಳಿಸಿದ ತಾಯಂದಿರ ಹೆಸರು ಯಾರಾದ್ರೂ ಬರೆದಿಡಬೇಕಿತ್ತು, ನನಗೆ ಯಾವಾಗ್ಲೂ ಅನ್ಸೋದು ಅದು.

ತುಳುನಾಡಲ್ಲಿ ಇನ್ನೊಂದು ದಾಖಲೆ ಇದೆ, ಅದು ಬಾಯಲ್ಲಿದೆ. ಪಾಡ್ದನ ಅನ್ನೋ ತುಳು ಕಥನಗೀತೆಗಳು, ನೇಜಿ ನೆಡುವಾಗ ಹೇಳೋ ಓಬೇಲೆ ಹಾಡುಗಳು. ಕೊರಗ ತನಿಯನ ಪಾಡ್ದನ ನೀವೂ ಕೇಳಿರ್ತೀರಿ, ಏಳು ಜನ ಹೊರೋ ಹೊರೆನ ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದವನನ್ನ ಒಳಗೆ ಬಿಡದೆ ಹೊರಗೆ ನಿಲ್ಲಿಸಿದ್ದು, ಅವನು ಅಲ್ಲೇ ಮಾಯ ಆಗಿದ್ದು. ಇವತ್ತು ಎಲ್ಲ ಜಾತಿಯವ್ರೂ ಕೊರಗಜ್ಜ ಅಂತ ಕೈ ಮುಗೀತಾರೆ. ಅದೇ ಕೊರಗರಿಗೆ ಎಂಜಲಿಗೆ ಕೂದಲು ಉಗುರು ಬೆರೆಸಿ ತಿನ್ನಿಸೋದು, ಕಂಬಳದ ಹಿಂದಿನ ರಾತ್ರಿ ಮಂಜಲ್ಲಿ ಕೂರಿಸಿ ಡೋಲು ಬಾರಿಸೋದು, ಈ ಅಜಲು ಪದ್ಧತಿನ ನಿಲ್ಲಿಸೋಕೆ ಕರ್ನಾಟಕ 2000ನೇ ಇಸವಿಲಿ ಪ್ರತ್ಯೇಕ ಕಾಯ್ದೆ ತರ್ಬೇಕಾಯ್ತು. 1843ಕ್ಕೆ ಎಲ್ಲ ಮುಗೀತು ಅಂತ ಓದಿದ್ರಲ್ಲ, ಅದ್ರ ಪಕ್ಕದಲ್ಲಿ ಈ ಇಸವಿ ಇಟ್ಟು ನೋಡಿ.

ನಿಮ್ಮಜ್ಜಿಯ ಅಭಿಮಾನದ ವಿಷಯ. ಅದು ನಿಮಗೆ ಕಸಿವಿಸಿ ಆಗಿದೆ ಅಂತ ಪತ್ರದಲ್ಲೇ ಕಾಣ್ತಿತ್ತು. ದಯವಿಟ್ಟು ಅವ್ರನ್ನ ತಿದ್ದೋಕೆ ಹೋಗ್ಬೇಡಿ. ಭೂಮಿ ಇಲ್ಲದವ್ರಿಗೆ, ಊರಲ್ಲಿ ನಿಲ್ಲೋಕೆ ಒಂದು ಜಾಗ ಅಂತ ಇದ್ದಿದ್ದು ಆ ‘ಮೂಲ’ ಅನ್ನೋ ಪದ ಒಂದೇ. ನಾವು ಎಲ್ಲಿಂದಲೋ ಬಂದವ್ರಲ್ಲ, ಈ ಮಣ್ಣಿನವ್ರು, ನಾವಿಲ್ಲದೆ ಆ ಮನೆ ಗದ್ದೆ ನಡೀತಿರ್ಲಿಲ್ಲ ಅಂತ ಅವ್ರು ಹೇಳ್ತಿರೋದು. ಅದ್ರಲ್ಲಿ ಸತ್ಯ ಇದೆ.

ಹಾಗಾದ್ರೆ ಮುಂದೇನು. ಎಲ್ಲಕ್ಕಿಂತ ಮೊದಲು ಮಾಡ್ಬೇಕಾದ್ದು ಅಜ್ಜಿ ಮಾತು ರೆಕಾರ್ಡ್ ಮಾಡೋದು, ಮೊಬೈಲ್ ಸಾಕು, ತುಳುವಲ್ಲೇ ಮಾತಾಡ್ಸಿ, ಅವ್ರ ಒಪ್ಪಿಗೆ ಕೇಳಿ. ‘ನಾವು ಗುಲಾಮರಾಗಿದ್ವಾ’ ಅಂತ ಕೇಳ್ಬೇಡಿ, ಯಾರೂ ಅದಕ್ಕೆ ಉತ್ತರ ಕೊಡಲ್ಲ. ನೇಜಿಗೆ ಎಷ್ಟು ಹೊತ್ತಿಗೆ ಹೋಗ್ತಿದ್ರಿ, ಅಕ್ಕಿ ಯಾವ ಅಳತೆಲಿ ಕೊಡ್ತಿದ್ರು, ಊಟ ಎಲ್ಲಿ ಕೂತು ಮಾಡ್ತಿದ್ರಿ, ಮದುವೆಗೆ ದುಡ್ಡು ಯಾರು ಕೊಟ್ರು, ಯಾರಾದ್ರೂ ಊರು ಬಿಟ್ಟು ಹೋಗಿದ್ರಾ, ಇಂಥ ಸಣ್ಣ ಸಣ್ಣ ಪ್ರಶ್ನೆ ಕೇಳಿ. ಇದ್ರಲ್ಲಿ ಇರೋ ಅಪಾಯ ಅಂದ್ರೆ ಕೆಲವು ನೆನಪು ಬಂದ್ರೆ ಅವ್ರು ಎರಡು ದಿನ ಊಟ ಬಿಡಬಹುದು, ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಆದ ಅನ್ಯಾಯದ ನೆನಪು. ಸುಮ್ನಾದ್ರೆ ಸುಮ್ನೆ ಬಿಟ್ಟುಬಿಡಿ, ಒತ್ತಾಯ ಬೇಡ.

ಕಾಗದನ ಯಾವ ಕಾರಣಕ್ಕೂ ಲ್ಯಾಮಿನೇಷನ್ ಮಾಡಿಸ್ಬೇಡಿ. ನನ್ನ ಹತ್ರ ಬಂದ ಒಳ್ಳೊಳ್ಳೆ ಕಾಗದ ಹಾಳಾಗಿದ್ದೇ ಲ್ಯಾಮಿನೇಷನ್ನು ಮತ್ತೆ ಸೆಲೋಟೇಪಿಂದ, ತೆಗೆಯೋಕೂ ಬರಲ್ಲ. ಬೆಳಗಿನ ನೆರಳಲ್ಲಿ ಎರಡೂ ಬದಿ ಫೋಟೋ ತೆಗೀರಿ, ಮಡಿಕೆ ಮೇಲೆ ಮತ್ತೆ ಮತ್ತೆ ಮಡಚ್ಬೇಡಿ, ಆಸಿಡ್ ಇಲ್ಲದ ಕಾಗದದ ಮಧ್ಯೆ ಚಪ್ಪಟೆಯಾಗಿ ಇಟ್ಟು ತೇವ ಇಲ್ಲದ ಕಡೆ ಇಡಿ. ಆಮೇಲೆ ದೊಡ್ಡಮನೆಯವ್ರ ಹತ್ರ ಈ ಕಟ್ಟು ನಮಗೆ ಕೊಟ್ಟಿದ್ದೀವಿ ಅಂತ ಎರಡು ಸಾಲು ಬರೆಸ್ಕೊಂಡ್ರೆ ಒಳ್ಳೇದು, ನಾಳೆ ಇದ್ರ ಬೆಲೆ ಗೊತ್ತಾದಾಗ ದೊಡ್ಡಪ್ಪನ ಮೇಲೆ ಕಳ್ಳತನದ ಮಾತು ಬರೋದು ಬೇಡ.

ಸರ್ಕಾರಿ ದಾಖಲೆ ಹುಡುಕ್ಬೇ‌ಕು ಅಂದ್ರೆ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಚೆನ್ನೈನ ಎಗ್ಮೋರ್‌ನಲ್ಲಿರೋ ತಮಿಳುನಾಡು ಪತ್ರಾಗಾರಕ್ಕೆ ಹೋಗ್ಬೇಕು. ಉತ್ತರ ಕನ್ನಡ ಆದ್ರೆ 1862ರ ನಂತರ ಬಾಂಬೆ ಕಡೆ. ಮಂಗಳೂರು ಬಲ್ಮಠದ ಥಿಯಾಲಜಿಕಲ್ ಕಾಲೇಜಲ್ಲಿ ಬಾಸೆಲ್ ಮಿಷನ್ನಿನ ಹಳೇ ಕಾಗದ ಇದೆ, 1834ರಿಂದ ಇಲ್ಲಿದ್ದವ್ರು ಅವ್ರು. ನಿಮ್ಮ ಮನೆಯ ಹೆಸರು ಸಿಗುತ್ತೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ, ಅಲ್ಲಿ ಬರೋದು ತಲೆಲೆಕ್ಕ. ಹೆಸರು ಸಿಕ್ಕಿರೋದು ನಿಮ್ಮ ಕೈಲಿರೋ ಕಾಗದದಲ್ಲಿ, ಅದಕ್ಕೇ ಅದು ಅಪರೂಪ. ಇನ್ನೊಂದು, ಈ ಕಾಗದ ಇಟ್ಕೊಂಡು ಜಮೀನಿನ ಹಕ್ಕು ಕೇಳೋಕೆ ಆಗಲ್ಲ. 1974ರ ಭೂಸುಧಾರಣೆಲಿ ಗೇಣಿದಾರರಿಗೆ ಭೂಮಿ ಬಂತು, ಗೇಣಿ ಚೀಟಿನೇ ಇಲ್ಲದ ಆಳುಗಳ ಕುಟುಂಬಕ್ಕೆ ಹೆಚ್ಚಿನ ಕಡೆ ಮನೆ ಅಡಿಯ ಜಾಗ ಬಿಟ್ರೆ ಏನೂ ಬರ್ಲಿಲ್ಲ. ಮನೆ ಜಾಗದ ದಾಖಲೆ ಸರಿ ಇದ್ಯಾ ಅಂತ ಮಾತ್ರ ನೋಡ್ಕೊಳ್ಳಿ, ಅದು ಬೇರೆ ಕೆಲಸ, ವಕೀಲರ ಹತ್ರ ಹೋಗ್ಬೇಕು.

ಬರೆದು ಪ್ರಕಟಿಸೋದು ನಿಮ್ಮ ಆಸೆ ಇದ್ರೆ, ನಿಮ್ಮಪ್ಪನ ಮಾತನ್ನ ಹೇಡಿತನ ಅಂತ ತಗೋಬೇಡಿ. ಜಾತಿ ಗೊತ್ತಾದ ತಕ್ಷಣ ಬಾಡಿಗೆ ಮನೆ ಕೈ ತಪ್ಪೋ ಊರಲ್ಲೇ ನೀವೂ ಇದ್ದೀರಿ. ತಂಗಿಯ ಬದುಕು ಅವಳದ್ದು, ಅವಳನ್ನ ಕೇಳದೆ ಮನೆ ಹೆಸರು ಹಾಕ್ಬೇಡಿ. ಆ ದೊಡ್ಡಮನೆಯ ಈಗಿನವ್ರ ಹೆಸರೂ ಬೇಡ, 1830ರ ಲೆಕ್ಕ ಬರೆದವ್ರು ಇವ್ರಲ್ಲ, ಮೇಲಾಗಿ ನಿಮ್ಮ ಮನೆಯವ್ರು ಅದೇ ದಾರೀಲಿ ದಿನಾ ಓಡಾಡ್ಬೇಕು. ಊರು, ಹೆಸರು ಬದಲಾಯಿಸಿ ಬರೆದ್ರೂ ಕಾಗದದ ಸತ್ಯ ಸತ್ಯಾನೇ.

ದೊಡ್ಡಪ್ಪನ ಬಿಟ್ಟಿ ಕೆಲಸದ ಬಗ್ಗೆ ಮಾತ್ರ ನಾನು ಮೆತ್ತಗೆ ಹೇಳೋಕಾಗಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆನ ನಿಷೇಧಿಸುತ್ತೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಲಿ ಸಾಲಕ್ಕೆ ದುಡಿಯೋದು ಮಾತ್ರ ಅಲ್ಲ, ರೂಢಿ ಅಂತ, ವಂಶಪಾರಂಪರ್ಯ ಅಂತ, ಇಂಥ ಜಾತಿಲಿ ಹುಟ್ಟಿದ ಕಾರಣಕ್ಕೆ ಅಂತ ಮಾಡಿಸೋ ದುಡಿಮೆನೂ ಜೀತ ಅಂತಾನೇ ಬರೆದಿದ್ದಾರೆ. ಮಾಡಿಸಿದವ್ರಿಗೆ ಮೂರು ವರ್ಷದವರೆಗೆ ಜೈಲು. ದೂರು ಕೊಡೋದು ತಹಶೀಲ್ದಾರರಿಗೋ ಡಿಸಿಗೋ. ಆದ್ರೆ ಹೋಗೋದು ದೊಡ್ಡಪ್ಪ, ನಿಮ್ಮ ಕೋಪಕ್ಕೆ ಅವ್ರನ್ನ ಮುಂದೆ ನಿಲ್ಲಿಸ್ಬೇಡಿ. ದೈವದ ಸೇವೆ ಅಂತ ಅವ್ರು ಮನಸಾರೆ ಮಾಡೋ ಭಾಗ ಯಾವುದು, ಹೋಗದಿದ್ರೆ ಏನಾಗುತ್ತೋ ಅನ್ನೋ ಭಯಕ್ಕೆ ಮಾಡೋ ಭಾಗ ಯಾವುದು ಅಂತ ಅವ್ರ ಜೊತೆ ಕೂತು ಕೇಳಿ. ಎಷ್ಟೋ ಕಡೆ ಮನೆಯವ್ರ ಹತ್ರ ಮಾತಾಡಿದ ಮೇಲೆ ದಿನಗೂಲಿ ಕೊಟ್ಟು ಎಲ್ಲರ ಸಾಲಲ್ಲೇ ಊಟಕ್ಕೆ ಕೂರಿಸೋಕೆ ಶುರು ಮಾಡಿದ್ದನ್ನ ನೋಡಿದ್ದೀನಿ. ಒಪ್ಪದೆ ಬೆದರಿಸಿದ್ರೆ ಆಗ ದೂರು ಕೊಡ್ಲೇಬೇಕು, ಕೊಡೋ ಮುಂಚೆ ದೊಡ್ಡಪ್ಪನ ದಿನನಿತ್ಯದ ಕೆಲಸಕ್ಕೆ ಬೇರೆ ದಾರಿ ಮಾಡ್ಕೊಂಡಿರಿ.

ಕೊನೆಗೆ ಆ ಅಂಚಿನ ಬರಹ. ‘ಗಟ್ಟ ಹತ್ತಿದವ ಬರಲಿಲ್ಲ.’ ಕೈಬರಹ ಬೇರೆ ಅಂದ್ರೆ ಕಾಗದ ಆದ ಎಷ್ಟೋ ವರ್ಷದ ಮೇಲೆ ಲೆಕ್ಕ ತಾಳೆ ನೋಡಿದ ಶಾನುಭೋಗನೋ ಮನೆಯವ್ರೋ ಬರೆದಿರ್ಬೇಕು. ಕರಾವಳಿಯಿಂದ ಗಟ್ಟಕ್ಕೆ ಹೋಗೋದು ಅಂದ್ರೆ ಮಲೆನಾಡಿನ ಅಡಿಕೆ ತೋಟಕ್ಕೋ, ಸ್ವಲ್ಪ ಆಮೇಲೆ ಆದ್ರೆ ಕಾಫಿ ತೋಟಕ್ಕೋ. ಧಣಿ ಕಳಿಸಿದ್ರೆ ‘ಕಳುಹಿಸಿದೆ’ ಅಂತ ಇರೋದು, ಸತ್ತಿದ್ರೆ ‘ತೀರಿದ’ ಅಂತ ಇರೋದು. ‘ಬರಲಿಲ್ಲ’ ಅಂತ ಬರೀಬೇಕಾದ್ರೆ ಯಾರೋ ಕಾದಿದ್ದಾರೆ, ಅವನು ಬರ್ಲಿಲ್ಲ. ಆ ಗುರುತು ಎರಡು ಗಂಡಸರ ಹೆಸರಲ್ಲಿ ಯಾವುದರ ಎದುರಿಗಿದೆ ಅಂತ ನೀವು ಬರೆದಿಲ್ಲ. ಕಾಗದನ ಕಿಟಕಿ ಹತ್ರ ಇಟ್ಟು ಬೆಳಕು ಪಕ್ಕದಿಂದ ಬೀಳೋ ಹಾಗೆ ಇನ್ನೊಂದು ಫೋಟೋ ತೆಗೆದು ಕಳ್ಸಿ. ಆಮೇಲೆ ಅಜ್ಜಿನ ಕೇಳಿ, ಗಟ್ಟದ ಮೇಲೆ ನಮ್ಮವ್ರು ಯಾರಾದ್ರೂ ಇದ್ದಾರಾ, ಯಾವ ಊರು ಅಂತ.